ಕ್ಲಿಕ್ ಅನ್ನುವವರೆಗೆ

ಲೂಟನ್ನಿನ ನೀರಿಗೆ ಸುಣ್ಣ ಜಾಸ್ತಿ.
ಸೀಮೆಸುಣ್ಣದ ಗುಡ್ಡಗಳಿಂದ ಬಸಿದು ಬರುತ್ತದಂತೆ.
ಲೋಟದಲ್ಲಿ ತಿಳಿ, ಕೆಟಲ್ಲಿನ ತಳದಲ್ಲಿ ಮಾತ್ರ
ಒಂದು ಬಿಳಿಯ ಪೊರೆ, ಯಾವತ್ತು ಕೂತಿತೋ ಯಾರಿಗೂ ತಿಳಿಯದು.

ನಾನು ಕಾರು ಕಲಿಸುವವ.
ದಿನಕ್ಕೆ ಆರು ಜನರ ಎಡಗಾಲಿನ ನಡುಕಕ್ಕೆ
"ಕ್ಲಚ್ ಮೆಲ್ಲಗೆ, ಇನ್ನೂ ಮೆಲ್ಲಗೆ,
ಗಾಡಿ ತಾನೇ ಹೇಳುತ್ತದೆ, ತಾಳು" ಎನ್ನುತ್ತ
ಗಂಟೆಗೆ ನಲವತ್ತು ಪೌಂಡಿನಂತೆ ತಾಳ್ಮೆ ಮಾರಿ
ಮನೆಗೆ ಬರುವ ಹೊತ್ತಿಗೆ ಜೇಬು ಭರ್ತಿ, ಅಂಗಡಿ ಖಾಲಿ.

ಬಾಗಿಲ ಬಳಿ ಚೆಲ್ಲಿದ ಬೂಟು, ಆರಿಸದ ದೀಪ,
ಮೆಟ್ಟಿಲ ಮೇಲಿಂದ ಮೇದಿನಿ ಕೇಳುವ ಒಂದು ಪ್ರಶ್ನೆ,
ಅಷ್ಟೇ ಸಾಕು. ಅಪ್ಪನಿಂದ ಬಂದ ಆಸ್ತಿ ಅದೊಂದೇ,
ಪಾಲು ಕೇಳುವವರಿಲ್ಲದೆ ಪೂರ್ತಿ ನನಗೇ ದಕ್ಕಿದ ಸಿಟ್ಟು.
"ಸಿಟ್ಟಿನಲ್ಲಿ ಕೊಯ್ದ ಮೂಗು..." ಅಂತ ಶಾಂಭವಿ
ಗಾದೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಳು.
ಗೋಡೆಯಾಚೆ ಪ್ರಿಚರ್ಡ್ ಟೀವಿಯ ಸದ್ದು ಏರಿಸುತ್ತಿದ್ದ.

ಪ್ರತಿಜ್ಞೆಗಳಿಗೇನು, ಇದ್ದವು. ಜನವರಿ ಒಂದಕ್ಕೊಮ್ಮೆ,
ಅದು ಸಾಲದೆಂದು ಯುಗಾದಿಗೊಮ್ಮೆ,
ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ:
ಇನ್ನು ಸಿಟ್ಟಿಲ್ಲ. ಇನ್ನು ಸಕ್ಕರೆಯಿಲ್ಲ. ಐದಕ್ಕೆ ಏಳುವುದು.
ಹತ್ತನೇ ತಾರೀಖಿಗೆ ಅದೇ ಮ್ಯಾಗ್ನೆಟ್ಟಿನಡಿ
ಪಿಟ್ಜಾ ಕೂಪನ್ನು.

ಬದಲಾದದ್ದು ಗಂಟಲು ಕಟ್ಟಿ.
ಒಂದು ಫೆಬ್ರವರಿಯ ಶೀತಕ್ಕೆ ದನಿಯೇ ಹೋಗಿತ್ತು.
ಮೇದಿನಿ ಕೇಳಿದಳು, ಶಾಲೆಯ ಪ್ರವಾಸ, ಇನ್ನೂರು ಪೌಂಡು.
ಬೈಯಲು ಬಾಯಿ ತೆರೆದೆ, ಬರೀ ಗಾಳಿ ಬಂತು.
ಕೆಟಲ್ಲಿನತ್ತ ಕೈ ತೋರಿಸಿದೆ: ತಡಿ, ಬಿಸಿನೀರು ಕುಡಿದು ಹೇಳುತ್ತೇನೆ.
ಇಬ್ಬರೂ ನಿಂತೆವು. ಕೆಟಲ್ ಗೊಣಗಿತು, ಗುಡುಗಿತು,
ನಾನಾಡಬೇಕಾದ್ದನ್ನೆಲ್ಲ ತಾನೇ ಆಡಿ ಮುಗಿಸಿ
ಕ್ಲಿಕ್ ಎಂದು ಸುಮ್ಮನಾಯಿತು.
ಆಗ ಕಂಡಿತು, ಅವಳ ಸಾಕ್ಸಿನ ಹೆಬ್ಬೆರಳಲ್ಲಿ ತೂತು.
"ಹೋಗು" ಎಂದೆ ಪಿಸುದನಿಯಲ್ಲಿ.
ಬೇರೆ ದನಿ ಇರಲಿಲ್ಲವಲ್ಲ.

ದನಿ ಮರಳಿತು. ಕೆಟಲ್ ಉಳಿಯಿತು.
ನಿಯಮ ಅನ್ನಲಾರೆ, ಯಾರಿಗೂ ಹೇಳಿಲ್ಲ, ಬರೆದು ಅಂಟಿಸಿಲ್ಲ.
ಉತ್ತರಕ್ಕೆ ಮೊದಲು ಗುಂಡಿ ಒತ್ತುತ್ತೇನೆ, ಅಷ್ಟೇ.
ಚಹಾ ಬೇಡವಾದರೂ ಒತ್ತುತ್ತೇನೆ.
ತಪ್ಪಿದ ದಿನಗಳುಂಟು. ಗ್ಯಾಸ್ ಬಿಲ್ಲು ಬಂದ ದಿನ,
ರೌಂಡಬೌಟಿನಲ್ಲಿ ಅಗ್ನೆಷ್ಕಾ ಕಾರಿನ ಕನ್ನಡಿ ಮುರಿದ ದಿನ,
ಕ್ಲಿಕ್ಕಿಗೆ ಮುಂಚೆಯೇ ಸಿಡಿದೆ.
ಮರುದಿನ ಮತ್ತೆ ನೀರು ತುಂಬಿಸಿದೆ.
ಕೆಟಲ್ಲು ನಿನ್ನೆಯ ಲೆಕ್ಕ ಇಡುವುದಿಲ್ಲ.

ವರ್ಷ ನಾಲ್ಕಾಯಿತು. ತಳದ ಸುಣ್ಣ ದಪ್ಪಗಟ್ಟಿ
ನೀರು ಕುದಿಯುವುದು ನಿಧಾನ, ಮತ್ತೂ ನಿಧಾನ.
"ವಿನೆಗರ್ ಹಾಕಿ ತೊಳೆಯಬಾರದೇ" ಎಂದಳು ಶಾಂಭವಿ.
ನಾಳೆ ಎಂದೆ. ಆ ನಾಳೆಯನ್ನು ತಳ್ಳುತ್ತಲೇ ಬಂದೆ,
ನನ್ನ ಬಾಳಿನಲ್ಲಿ ಫಲ ಕೊಟ್ಟ ಸೋಮಾರಿತನ ಅದೊಂದೇ:
ಅದು ತಡವಾದಷ್ಟೂ ನಾನೂ ತಡವಾದೆ.

ಮೊನ್ನೆ ಮೇದಿನಿ, ಶನಿವಾರದ ಕೆಲಸದ ಮೊದಲ ಸಂಬಳದಲ್ಲಿ,
ಹೊಸದು ತಂದಳು. ನೀಲಿ ದೀಪ, ಗಾಜಿನ ಮೈ,
ಒಂದೂವರೆ ನಿಮಿಷಕ್ಕೆ ಕೊತಕೊತ.
ಹಳೆಯದು ಈಗ ಹಿತ್ತಲಲ್ಲಿ, ಪುದೀನದ ಕುಂಡದ ಪಕ್ಕ.

ಈ ಸಂಜೆ ಬಂದು, ಕಾರು ಕಲಿಯಬೇಕು ಎಂದಳು.
ನನ್ನಿಂದಲ್ಲವಂತೆ. ಬೇರೆ ಯಾರಿಂದಾದರೂ.
ಗುಂಡಿ ಒತ್ತಿದೆ. ಕ್ಲಿಕ್. ಇಷ್ಟು ಬೇಗ!
ಕಪ್ಪು ತೆಗೆದು, ಬಿರುಕು ಎಲ್ಲಿದೆಯೆಂದು ತಿರುಗಿಸಿ ನೋಡಿದೆ.
ಕಿಟಕಿಯಾಚೆ ಪ್ರಿಚರ್ಡ್ ಬಿನ್ನು ಎಳೆಯುತ್ತಿದ್ದ.
ಗಾಜಿನೊಳಗೆ ಗುಳ್ಳೆಗಳು ಒಂದೊಂದಾಗಿ ಅಡಗಿದವು.
ಅವಳು ಮೆಟ್ಟಿಲ ಮೇಲೆ ಕೂತಳು, ಅವಸರವಿಲ್ಲದೆ,
ಇದೆಲ್ಲ ನನಗಿಂತ ಮೊದಲೇ ಗೊತ್ತಿದ್ದವಳಂತೆ.

"ಅಪ್ಪಾ, ನೀರು ಆಯ್ತಲ್ಲ."

"ಆಗಲಿ" ಎಂದೆ. "ನನಗಿನ್ನೂ ಸ್ವಲ್ಪ ಇದೆ."