ಅರ್ಧ ಕ್ಲಚ್

ದಾವಲ್ ನದಾಫ ಟೈ ಕಟ್ಟ್ಯಾನ.
ನಾಲ್ಕು ವರ್ಷದ ಹಿಂದ
ನನ್ನ ಹಳೇ ಎಂಟುನೂರರಾಗ ಕುಂತು
ನವನಗರದ ಬಯಲಿನ್ಯಾಗ
ಇದ್ದ ಒಂದ ಜಾಲಿಗಿಡಕ್ಕ ಗುದ್ದಿದಾಂವ.
ಇವತ್ತ ಶೋರೂಮಿನ ಗಾಜಿನ ಬಾಗಲಾ ಹಿಡದು
‘ಬರ್ರಿ ಮೇಡಮ್’ ಅಂತಾನ, ಗುರ್ತಿಲ್ಲದ ಮಂದಿಗೆ ಅಂದಂಗ.

ಶುರು ಹಚ್ಚಿದ.
ಸಾವಿರಕ್ಕ ಎರಡು ಕಡಿಮಿ ಸಿಸಿ. ಸಿಲಿಂಡರ್ ಮೂರು.
ಗೇರ್ ಆರು, ರಿವರ್ಸ್ ಬ್ಯಾರೆ.
ಉದ್ದ ನಾಲ್ಕು ಮೀಟರಿನ ಒಳಗ.
ಗೆರಿ ದಾಟಿದ್ರ ತೆರಿಗಿ ಏರತೈತಿ ಅಂತ
ಹೊಟ್ಟಿ ಒಳಗ ಎಳಕೊಂಡು ನಿಂತೈತಿ ಗಾಡಿ,
ಎದಿ ಮಾತ್ರ ಜೀಪಿಂದು.
‘ಮೈಲೇಜ್ ಹದಿನೆಂಟು’ ಅಂದ.
ನಾ ಅವನ ಮಾರಿ ನೋಡಿದೆ.
‘ಊರಾಗ ಹನ್ನೆರಡು, ಮೇಡಮ್.’

‘ಟರ್ಬೊ ಅಂದ್ರ ಏನೋ?’
ಗೊತ್ತಿದ್ದೂ ಕೇಳಿದೆ, ಚಾಳಿ.
ಅಂಗೈ ಮ್ಯಾಲ ಬೆರಳು ತಿರುವಿ ತೋರಿಸಿದ:
ಸುಟ್ಟು ಹೊರಗ ಹೊಂಟ ಹೊಗಿ
ಹೋಗ್ತಾ ಹೋಗ್ತಾ ಒಂದು ಗಾಲಿ ತಿರುವಿ ಹೋಗತೈತಿ,
ಆ ಗಾಲಿ ಹೊಸಾ ಗಾಳಿ ಒತ್ತಿ ತಂದು
ಇಂಜಿನ್ನಿನ ಎದಿಗೆ ತುಂಬತೈತಿ.
ಅಂದ್ರ ಬಿಟ್ಟ ಉಸಿರಿಗೂ ಬಿಡುವಿಲ್ಲ.
ಕುಲಿಮಿ ಹೊಗಿನ್ನ ಹಿಡದು
ತಿದಿ ಒತ್ತೂ ಕೂಲಿಗೆ ಹಚ್ಚಿದಂಗ.
ಇದೊಂದು ನನಗ ಸೇರಿತು.

‘ಈಗ ಎಲ್ಲಾರೂ ಅಟೋಮ್ಯಾಟಿಕ್ ಒಯ್ತಾರ್ರೀ.
ಎಡಗಾಲಿಗೆ ಕೆಲಸನ ಇಲ್ಲ.’
ಇಪ್ಪತ್ತೆರಡು ವರ್ಷ
ಮಂದಿ ಎಡಗಾಲಿಗೆ ಬುದ್ಧಿ ಹೇಳಿ ಹೊಟ್ಟಿ ಹೊರಕೊಂಡಾಕಿ ನಾ.
‘ಮ್ಯಾನುವಲ್ ತಗಿಯೋ’ ಅಂದೆ.

ಗೇರಿನ ಹಿಡಿ ಗಿಡ್ಡ,
ಬೀಗದಾಗ ತನ್ನ ಕೀಲಿ ಕುಂತಂಗ ಬೀಳತೈತಿ.
ಕ್ಲಚ್ ಹಗುರ. ಭಾಳ ಹಗುರ.
ಎಲ್ಲಿ ಹಿಡೀತೈತಿ ಅನ್ನೋದನ್ನ ಅದು ಹೇಳಂಗಿಲ್ಲ.

ಗದ್ದನಕೇರಿ ಕ್ರಾಸ್ ದಾಟಿದ ಮ್ಯಾಲ
ಮುಂದ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲಿ,
ಹಾಡು ಜೋರು, ದೀಪ ಇಲ್ಲ.
ಮೂರನೇದಕ್ಕ ಇಳಿಸಿ ಒತ್ತಿದೆ.
ಏನೂ ಆಗಲಿಲ್ಲ.
ಕೇಳಸಲಿಲ್ಲೇನೋ ಅಂದ್ಕೊಂಡೆ.
ಮತ್ತ ಒಂದು ಅರಿಗಳಿಗಿ, ಒಳಗ ಯಾರೋ
ತೆಳ್ಳಗ ಸೀಟಿ ಊದಿದಂಗ,
ಬೆನ್ನಿಗೊಂದು ಅಂಗೈ ಬಂತು.
ಕಬ್ಬು, ಹಾಡು, ಎದುರಿನ ಸಿಮೆಂಟ್ ಲಾರಿ
ಎಲ್ಲಾ ಕನ್ನಡ್ಯಾಗ.
‘ಎರಡು ಸಾವಿರದ ಕೆಳಗ ಮಲಗಿರತೈತ್ರಿ,’ ಅಂದ ದಾವಲ್,
ಡ್ಯಾಶ್‌ಬೋರ್ಡ್ ಗಟ್ಟಿ ಹಿಡಕೊಂಡು.

ತಿರುಗಿ ಬರುವಾಗ ಹಳೇ ಊರಿನ ಕಡೆ ಹೊಳ್ಳಿದೆ,
ಹಿನ್ನೀರಿಗೆ ಇಳಿಯೋ ಡಾಂಬರು ದಾರಿ.
ಸೋದರಮಾವನ ಮ್ಯಾಟಡೋರ್‌ದಾಗ ನಾ ಕಲತದ್ದು ಇಲ್ಲೇ.
ಆ ಊರು ನನಗ ಗೇರಿನ ಲೆಕ್ಕದಾಗ ನೆನಪೈತಿ:
ಕಿಲ್ಲಾದ ತಿರುವು ಒಂದನೇದು,
ಹೊಳಿ ಕಡಿ ಇಳಿಜಾರು ಎರಡನೇದು,
ಮೂರನೇದು ಬೀಳೂವಷ್ಟು ಉದ್ದನ್ನ ಓಣಿ ಇರಲಿಲ್ಲ.
ಈಗ ಅಲ್ಲೆ ಮೀನಾ ತಿರಗತಾವ,
ಎಲ್ಲಾ ಅಟೋಮ್ಯಾಟಿಕ್.

ನೀರಿನ ಅಂಚಿಗೆ ಹೊಳ್ಳಿಸಿ, ಏರಿಗೆ ಮಾರಿ ಮಾಡಿ ನಿಂತೆ.
ಬ್ರೇಕ್ ಬಿಟ್ಟೆ.
ಗಾಡಿ ಹಿಂದ ಜಾರಬೇಕಿತ್ತು,
ಜಾರಲಿಲ್ಲ. ತಾನ ಹಿಡಕೊಂಡು ನಿಂತೈತಿ.
ಜಾರೋದನ್ನ ಕಾಯ್ತಿದ್ದ ಕಾಲು
ಗಲಿಬಿಲಿ ಆಗಿ ಕ್ಲಚ್ ಬಿಟ್ಟ ಬಿಟ್ಟಿತು.
ಧಡಲ್. ಬಂದ್.

ಹಿನ್ನೀರಿನ ಮ್ಯಾಲ ಒಂದು ಕೊಕ್ಕರಿ.
ದಾವಲ್ ನಗಲಿಲ್ಲ.
ಕಿಡಕಿ ಕಡೆ ನೋಡ್ತಾ, ಮೆಲ್ಲಕ:
‘ಅವಸರ ಮಾಡಬ್ಯಾಡ್ರಿ.
ಪಾದಾ ಎತ್ತಬ್ಯಾಡ್ರಿ, ಹಿಮ್ಮಡ ನೆಲಕ್ಕ ಇರ್ಲಿ.
ಗಾಡಿ ನಡುಗೂ ತನಕಾ ಕಾಯ್ರಿ.’

ಜಾಲಿಗಿಡಕ್ಕ ಗುದ್ದಿದ ದಿನಾ ನಾ ಹೇಳಿದ್ದು,
ಒಂದು ಅಕ್ಷರ ಬಿಟ್ಟಿಲ್ಲ.

ಕಾಯ್ದೆ. ನಡುಗಿತು. ಏರಿತು.

ಶೋರೂಮಿನ್ಯಾಗ ಚಾ ಕೊಟ್ರು, ಬಣ್ಣದ ಚೀಟಿ ಹರವಿದ್ರು,
ಕೆಂಪೋ ಬಿಳೇದೋ ಅಂದ್ರು.
ನಾ ಕೇಳಿದ್ದು ಒಂದ:
‘ಎಡಗಡಿ ಸೀಟಿನ ಮುಂದ
ನನಗೊಂದು ಬ್ರೇಕ್ ಕೂಡ್ರಸಾಕ ಬರ್ತೈತೇನು?’