ಉಪ್ಪಳ ಗೇಟು, ರಾತ್ರಿ ಪಾಳಿ

ಎರಡೂ ಹತ್ತರ ಗೂಡ್ಸ್ ಹೋಯಿತು.
ಹಸಿರು ದೀಪ ತೋರಿಸಿದೆ, ಗಾರ್ಡೂ ತೋರಿಸಿದ.
ಅಷ್ಟೇ ನಮ್ಮ ಮಾತು, ಹದಿನಾಲ್ಕು ವರ್ಷದಿಂದ.

ಇನ್ನು ನಲವತ್ತು ನಿಮಿಷ
ಹಳಿ ತಣಿಯುವ ಸದ್ದು, ಆಚೆ ಕಡಲು.
ಬಲ್ಬಿನ ಕೆಳಗೆ ಅಪ್ಪನ ಬೈಬಲು ಬಿಡಿಸುತ್ತೇನೆ.
ಹುಳ ತಿಂದಲ್ಲಿ ಒಂದೊಂದು ಶಬ್ದ
ನಾನೇ ತುಂಬಿಕೊಳ್ಳಬೇಕು.
ಒಮ್ಮೊಮ್ಮೆ ತಪ್ಪು ತುಂಬುತ್ತೇನೆ.
ಕರ್ತನೇ, ನೀನು ತಿದ್ದುವುದಿಲ್ಲ.

ಹಗಲು ಗೇಟು ಹಾಕಿದರೆ
ತುಳು, ಮಲಯಾಳ, ಬ್ಯಾರಿ, ಕನ್ನಡ;
ಮೀನಿನ ಟೆಂಪೊದವ ಮರಾಠಿಯಲ್ಲೂ ಬೈಯುತ್ತಾನೆ.
ಮೊದಲ ವರ್ಷ ಉತ್ತರ ಕೊಡುತ್ತಿದ್ದೆ.
ಈಗ ಸರಪಳಿ ಕೊಂಡಿಗೆ ಸಿಕ್ಕಿಸಿ
ರೈಲು ಬರುವ ಕಡೆ ನೋಡುತ್ತೇನೆ.

ಸಭೆಯ ಹಿರಿಯನಾಗು ಎಲಿಯಾಸ, ಎಂದರು ಪಾದ್ರಿಗಳು.
ಎದುರಿನ ಬೆಂಚು, ಗೋಡೆಯ ಕಲ್ಲಿನಲ್ಲಿ ಹೆಸರು.
ಒಲ್ಲೆನೆಂದೆ. ವಿನಯವೇನಲ್ಲ,
ಭಾನುವಾರ ನನಗೆ ಪಾಳಿ.
ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು:
ನಿನ್ನ ಮನೆಗೂ
ಬಾಗಿಲಲ್ಲಿ ಒಬ್ಬ ಬೇಕಲ್ಲ?

ಫೋನು ಗಂಟೆ ಹೊಡೆಯಿತು.
ಮಂಜೇಶ್ವರ ಬಿಟ್ಟಿತಂತೆ ಮುಂದಿನದ್ದು.
ಕನ್ನಡಕವನ್ನೇ ಪುಟಕ್ಕೆ ಗುರುತಿಟ್ಟು ಏಳುತ್ತೇನೆ.
ರಸ್ತೆಯಲ್ಲಿ ಒಂದು ನಾಯಿ, ಅದೂ ನಿಂತಿದೆ.
ಗೇಟು ಹಾಕಿದೆ.
ಆಮೆನ್ ಹೇಳಲಿಲ್ಲ.
ಇರಲಿ, ಅದೊಂದು
ತೆರೆದೇ ಇರಲಿ.