ಬಾನೆಟ್ಟಿನ ಎಡ, ಬಾನೆಟ್ಟಿನ ಬಲ

ಮಾರ್ಚ್ ತಿಂಗಳಲ್ಲಿ ಕೆಮಿ ಊರಿನ ಸೂರ್ಯ
ಮೇಲೇರುವುದಿಲ್ಲ, ಮೊಣಕಾಲೆತ್ತರದಲ್ಲೇ ನಡೆದು ಬಂದು
ಗ್ಯಾರೇಜಿನ ಬಾಗಿಲಲ್ಲಿ ನಿಂತು ಚಾಡಿ ಹೇಳುತ್ತಾನೆ:
ನೋಡು, ಈ ಕಪ್ಪಿನ ಮೇಲೆ ಎಷ್ಟು ಗೀರು.

ಹೆಲ್ಲೆವಿಯ ಶವದ ಬಂಡಿ ಅದು.
ಒಂಬತ್ತು ಚಳಿಗಾಲದ ಉಪ್ಪು, ಒರಟು ಬ್ರಷ್ಷು,
ಅವಸರಕ್ಕೆ ಕೈಗವಸಿನಲ್ಲೇ ಬಾಚಿದ ಹಿಮ.
ದೂರದಿಂದ ಮಿರಮಿರ. ಹತ್ತಿರ ಬಂದರೆ
ದೀಪದ ಸುತ್ತ ಜೇಡ ನೇಯ್ದ ಹಾಗೆ
ಸುತ್ತು, ಸುತ್ತು, ಸುತ್ತು.

ಗುರುವಾರ ಹನ್ನೊಂದಕ್ಕೆ ಬೇಕು ಅಂದಳು.
ಯಾರಿಗೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಾನೆಟ್ಟಿನ ನಡುವೆ ನೀಲಿ ಟೇಪು ಎಳೆದೆ,
ಪಾಲಾದ ಹೊಲಕ್ಕೆ ಬದು ಹಾಕಿದ ಹಾಗೆ.

ಎಡಕ್ಕೆ ಹೊಸದು: ಇಪ್ಪತ್ತೊಂದು ಮಿಲಿಮೀಟರ್ ಬೀಸು,
ಬಿಡುಸುತ್ತಿನ ಯಂತ್ರ. ಸ್ವಭಾವ ಸಾಧು,
ಒತ್ತಿದರೆ ಮಾತ್ರ ಮುನಿಸು. ಅಂಚಿನಲ್ಲಿ, ತಿರುವಿನಲ್ಲಿ
ತಿರುಗುವುದನ್ನೇ ಮರೆತು ಸುಮ್ಮನೆ ನಡುಗುತ್ತದೆ.
ತಟ್ಟೆಯ ಮೇಲೆ ಮಾರ್ಕರಿನ ಒಂದು ಗೆರೆ ಹಾಕಿದ್ದೇನೆ:
ಗೆರೆ ಕಂಡರೆ ನಿಂತಿದೆ, ಕಲಸಿಹೋದರೆ ದುಡಿಯುತ್ತಿದೆ.
ಕೆಲಸಗಾರರಿಗೂ ಇಂಥದೊಂದಿದ್ದರೆ
ಸಂಬಳದ ಜಗಳ ಇರುತ್ತಿರಲಿಲ್ಲ.

ಬಲಕ್ಕೆ ಹಳೆಯದು: ಎಂಟೇ ಮಿಲಿಮೀಟರ್, ಹೊಟ್ಟೆಯೊಳಗೆ ಗೇರು.
ಒತ್ತು, ಬಾಗಿಸು, ಬಯ್ಯಿ,
ಸುತ್ತುತ್ತಲೇ ಇರುತ್ತದೆ ಗಾಣದೆತ್ತು.
ನಿನ್ನ ಕೈಗೆ ಜೋಮು, ಊಟದ ಹೊತ್ತಿಗೆ
ಚಮಚದಲ್ಲಿ ಸೂಪು ನಿಲ್ಲುವುದಿಲ್ಲ.

ಎರಡಕ್ಕೂ ಎರಡೆರಡು ಸುತ್ತು:
ತನ್ನ ಸುತ್ತ ಒಂದು, ತನ್ನಿಂದಾಚೆ ಒಂದು.
ಭೂಮಿಯ ಹಾಗೆ ಅನ್ನಬಹುದಿತ್ತು.
ಬೇಡ, ಬುಗುರಿ ಸಾಕು,
ನಿಲ್ಲುವ ಮುಂಚೆ ತೂರಾಡುವ ಬುಗುರಿ.

ಟೌನೊ ಈ ಗ್ಯಾರೇಜಿನ ಯಜಮಾನನಾಗಿದ್ದಾಗ
ಒಂದೇ ಸುತ್ತಿನ ದೈತ್ಯವೊಂದಿತ್ತು, ತಲೆಗೆ ಕುರಿಯುಣ್ಣೆಯ ಟೋಪಿ.
ಅರೆಗಳಿಗೆ ಮೈಮರೆತರೆ ಬಣ್ಣ ಸುಟ್ಟು ತಗಡು ಕಾಣುತ್ತಿತ್ತು.
ನಾನು ಎಂಟರದನ್ನು ತಂದ ದಿನ
"ತೊಟ್ಟಿಲು ತೂಗಲಿಕ್ಕಾ ಇದು?" ಅಂದಿದ್ದ.
ಅವನ ಕೈ ದಾಟಿದ ಕಾರು ಬಿಸಿಲಿಗೆ ಬಂದರೆ
ಬಣ್ಣದೊಳಗೊಂದು ಹೊಗೆಯ ಹಾವು ಹೊರಳುತ್ತಿತ್ತು.
ಅದನ್ನು ತನ್ನ ಸಹಿ ಅನ್ನುತ್ತಿದ್ದ.

ಗೀರು ಮಾಯುತ್ತದೆ ಅಂದುಕೊಳ್ಳುತ್ತಾರೆ ಗಿರಾಕಿಗಳು.
ಗೀರು ಇದ್ದಲ್ಲೇ ಇರುತ್ತದೆ,
ಸುತ್ತಲ ನೆಲವನ್ನು ಅದರ ಆಳಕ್ಕೆ ಇಳಿಸುವುದಷ್ಟೇ ನನ್ನ ಕಸುಬು.
ಎಡ: ನಾಲ್ಕು ದಾಟು, ಎರಡು ಮೈಕ್ರಾನ್ ಖರ್ಚು, ಕನ್ನಡಿ.
ಬಲ: ಎರಡೇ ದಾಟು, ಮೂರು ಮೈಕ್ರಾನ್,
ಗೀರೆಲ್ಲ ಹೋಗಿ ಮೇಲೊಂದು ತೆಳು ಮಂಜು.
ಮೆತ್ತನೆ ಫೋಮು ಹಾಕಿ ಇನ್ನೊಮ್ಮೆ ಹೋದರೆ ಅದೂ ಕನ್ನಡಿಯೇ.
ಇನ್ನೂ ಹೋಗಿರಲಿಲ್ಲ.

ಬುಧವಾರ ಸಂಜೆ ಹೆಲ್ಲೆವಿ ಬೂಟಿನ ಹಿಮ ಕೊಡವಿ ಬಂದಳು.
ಎಡಕ್ಕೆ ಬಾಗಿದಳು: ಕಾಗದದ ಕಾರ್ಖಾನೆಯ ಚಿಮಣಿ,
ದೀಪದ ತಿರುಪು, ತನ್ನ ರೆಪ್ಪೆ.
ಕತ್ತಿನ ವಸ್ತ್ರ ಸರಿಮಾಡಿಕೊಂಡಳು.
ಬಲದ ಮುಂದೆ ಹೆಚ್ಚು ಹೊತ್ತು ನಿಂತಳು.

ನನ್ನ ಬಾಯಲ್ಲಿ ಮೈಕ್ರಾನುಗಳು ಸಾಲುಗಟ್ಟಿದ್ದವು.
"ಚರ್ಚಿನ ಮುಂದೆ ಪೆಟ್ಟಿಗೆ ನೋಡಲಾರದವರು
ಬಾನೆಟ್ ನೋಡುತ್ತಾರೆ" ಅಂದಳು.
"ಅತ್ತ ಮುಖ ಇಷ್ಟು ಚೆನ್ನಾಗಿ ಕಾಣುವುದು ಯಾರಿಗೂ ಬೇಡ.
ಪೂರ್ತಿ ಈ ಬದಿಯ ಹಾಗೇ ಮಾಡು."

ಹೋದಳು.
ಎಂಟರ ಯಂತ್ರ ಎತ್ತಿಕೊಂಡು ಎಡದ ಕನ್ನಡಿಗೆ ಮಂಜು ಹಾಕಿದೆ,
ಹದಿನೇಳು ವರ್ಷದಲ್ಲಿ ಮೊದಲ ಸಲ
ಕೆಡಿಸಲಿಕ್ಕೆಂದು ಉಜ್ಜಿದೆ.
ಚೆನ್ನಾಗಿ ಕೆಡಿಸಲು ಚೆನ್ನಾಗಿ ಉಜ್ಜಿದಷ್ಟೇ ಹೊತ್ತು ಹಿಡಿಯಿತು.

ರಾತ್ರಿ ಎರಡಕ್ಕೆ ಟೇಪು ಕಿತ್ತೆ.
ಅದರಡಿ ಬೆರಳಗಲ ಪಟ್ಟಿ,
ಒಂಬತ್ತು ಚಳಿಗಾಲ ಒಂದೂ ಅಲುಗದೆ ಹಾಗೇ ಇವೆ,
ಜೇಡ, ಉಪ್ಪು, ಕೈಗವಸು.
ಇಷ್ಟು ಸಣ್ಣ ಜಾಗಕ್ಕೆ ಎರಡು ತಟ್ಟೆಯೂ ದೊಡ್ಡದು.
ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದೇನೆ,
ಬೆರಳು ಇನ್ನೂ ನಡುಗುತ್ತಿದೆ.